ಹೂಬುಟ್ಟಿಯಲ್ಲಿ ಒಂಬತ್ತು ಬಲ್ಬು

ಹಳೆಯ ಗಾಜಿನ ಬಲ್ಬು ಎಲ್ಲಿ ಕಂಡರೂ ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ನನ್ನ ಚಟ. ಒಳಗಿನಿಂದ ಸಣ್ಣಗೆ 'ಚಿಣ್' ಎಂದರೆ ಅದರ ಕತೆ ಮುಗಿದಿದೆ, ಸುಮ್ಮನಿದ್ದರೆ ಇನ್ನೂ ಜೀವ ಇದೆ. ತೆಂಗಿನಕಾಯಿಯ ಲೆಕ್ಕ ಬೇರೆ, ಅದು ಸದ್ದು ಮಾಡಿದರೇ ಒಳ್ಳೆಯದು. ಎರಡನ್ನೂ ಒಂದೇ ಚೀಲದಲ್ಲಿ ತಂದ ದಿನ ಯಾವುದರ ಸದ್ದಿಗೆ ಹೆದರಬೇಕೆಂದು ತಿಳಿಯದೆ ನಾನು ಒದ್ದಾಡಿದ್ದೂ ಉಂಟು. ನಗಬೇಡಿ. ಕೊಟ್ಟೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿರುವ ನಾನು ಹುಟ್ಟಾ ಅಂಜುಬುರುಕಿ. ಬೀಗ ಹಾಕಿ ಓಣಿಯ ತುದಿಗೆ ಹೋದವಳು ಬೀಗ ಜಗ್ಗಿ ನೋಡಲು ಮತ್ತೆ ಬರುತ್ತೇನೆ. ಬೀಗ ಭದ್ರವಾಗಿದ್ದರೆ, ಒಳಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ಹತ್ತುತ್ತದೆ.

ಕೂಡ್ಲಿಗಿ ಕಡೆಯ ನಮ್ಮ ತವರು ಮನೆಯಲ್ಲಿ ನಾನು ಸಣ್ಣವಳಿದ್ದಾಗ ಇದ್ದದ್ದು ಒಂದೇ ಬಲ್ಬು. ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಅಪ್ಪ ಒಂದು ಕಿಂಡಿ ಕೊರೆದು ಅದರೊಳಗೆ ಬಲ್ಬು ಕೂರಿಸಿದ್ದ. ಅರ್ಧ ಬೆಳಕು ಅವ್ವನ ರೊಟ್ಟಿಗೆ, ಅರ್ಧ ಬೆಳಕು ನಮ್ಮ ಓದಿಗೆ. ಬಲ್ಬು ಹೋದರೆ ಹೊಸದು ತರುವ ಮಾತೇ ಇರಲಿಲ್ಲ. ಅಪ್ಪ ಅದನ್ನು ಬಿಚ್ಚಿ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮೆಲ್ಲಗೆ ಓರೆ ಮಾಡುತ್ತ, ತುಂಡಾದ ತಂತಿಯ ತುದಿ ಇನ್ನೊಂದು ತುದಿಗೆ ಕೊಕ್ಕೆಯಂತೆ ಸಿಕ್ಕುವ ತನಕ ಉಸಿರು ಹಿಡಿದು ಕೂರುತ್ತಿದ್ದ. ಸಿಕ್ಕಿಕೊಂಡಿತೆಂದರೆ ಬಲ್ಬು ಮೊದಲಿಗಿಂತ ಜೋರಾಗಿ ಬೆಳಗುತ್ತಿತ್ತು. ತಂತಿ ಗಿಡ್ಡವಾದರೆ ಅದರ ತಡೆ ಕಡಿಮೆಯಾಗಿ ಹೆಚ್ಚು ವಿದ್ಯುತ್ ಹರಿಯುತ್ತದೆ ಎಂಬ ಕಾರಣ ನನಗೆ ತಿಳಿದದ್ದು ಹರಪನಹಳ್ಳಿಯಲ್ಲಿ ಕಾಲೇಜು ಓದುವಾಗ. ಸಣ್ಣವರಿದ್ದಾಗ ಮಾತ್ರ ನಾವು ಅದನ್ನು ಅಪ್ಪನ ಕೈಗುಣ ಎಂದೇ ನಂಬಿದ್ದೆವು.

ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ ದುರುಗಮ್ಮ ಇದಕ್ಕಿಂತ ದೊಡ್ಡದೊಂದನ್ನು ನಂಬಿದ್ದಳು. ಬಲ್ಬಿನೊಳಗೆ ಏನಿದೆ ಎಂದು ಅವಳು ಕೇಳಿದಾಗ, ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಮಿಂಚುಹುಳ ಹಿಡಿದು ಕೂಡಿಹಾಕಿದ್ದಾರೆ ಎಂದು ನಾನು ಹೇಳಿಬಿಟ್ಟಿದ್ದೆ. ಆ ಹುಡುಗಿ ಎಷ್ಟೋ ದಿನ ಗೋಡೆಯ ಕಿಂಡಿಯಲ್ಲಿ ಒಂದು ಚಿಟಿಕೆ ಸಕ್ಕರೆ ಇಟ್ಟಳು. ಇರುವೆ ಮುತ್ತಿದ್ದಕ್ಕೆ ಅವ್ವ ಬೈದರೆ, "ಅಕ್ಕ ಹೇಳ್ಯಾಳ ಬೇ, ಅದರಾಗ ಹುಳ ಐತಂತ" ಎಂದು ನನ್ನ ಕಡೆ ನೋಡಿದ್ದಳು. ನಾನು ಪುಸ್ತಕದೊಳಗೆ ಮುಖ ಹುದುಗಿಸಿದ್ದೆ.

ಈಗ ಬಲ್ಬಿನೊಳಗೆ ಏನಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಬಲ್ಬು ಕಂಡುಹಿಡಿದವರು ಯಾರು ಎಂದು ಕೇಳಿದರೆ ಮಕ್ಕಳು ಒಂದೇ ಹೆಸರನ್ನು ಒಕ್ಕೊರಲಿನಿಂದ ಕೂಗುತ್ತಾರೆ. ಆತನಿಗಿಂತ ಮೊದಲೇ ಬೇರೆ ಬೇರೆ ದೇಶಗಳಲ್ಲಿ ಎಷ್ಟೋ ಜನ ತಂತಿ ಕಾಯಿಸಿ ಬೆಳಕು ಮಾಡಿದ್ದರು, ಆದರೆ ಅದು ಕ್ಷಣದಲ್ಲೇ ಉರಿದುಹೋಗುತ್ತಿತ್ತು, ಬಾಳುವ ಬಲ್ಬು ಮಾಡುವುದೇ ಕಷ್ಟವಾಗಿತ್ತು ಎಂದು ನಾನು ತಿದ್ದುತ್ತೇನೆ. ಗಾಳಿ ಇದ್ದರೆ ತಂತಿ ಸುಟ್ಟುಹೋಗುತ್ತದೆ, ಅದಕ್ಕೇ ಗಾಜಿನ ಬುರುಡೆಯಿಂದ ಗಾಳಿ ಹೀರಿ ತೆಗೆದರು. ಮೊದಲು ಸುಟ್ಟ ಹತ್ತಿ ದಾರ, ಆಮೇಲೆ ಸುಟ್ಟ ಬಿದಿರಿನ ಎಳೆ, ಕೊನೆಗೆ ಟಂಗ್‌ಸ್ಟನ್ ತಂತಿ. ಸುರುಳಿಯೊಳಗೆ ಸುರುಳಿಯಾಗಿರುವ ಅದನ್ನು ಬಿಚ್ಚಿ ಎಳೆದರೆ ಒಂದು ಮಾರಿನಷ್ಟು ಉದ್ದ ಬರುತ್ತದೆ. ಇಷ್ಟು ಹೇಳಿ, ಬಲ್ಬು ತಿನ್ನುವ ವಿದ್ಯುತ್ತಿನಲ್ಲಿ ಬೆಳಕಾಗುವುದು ಬಹಳ ಸ್ವಲ್ಪ, ಉಳಿದದ್ದೆಲ್ಲ ಶಾಖವಾಗಿ ವ್ಯರ್ಥ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. 'ವ್ಯರ್ಥ' ಎಂಬ ಪದದ ಕೆಳಗೆ ಎರಡು ಗೆರೆ. ಪರೀಕ್ಷೆಗೆ ಬರುತ್ತದೆ, ಬರೆದುಕೊಳ್ಳಿ ಎನ್ನುತ್ತೇನೆ. ಇಪ್ಪತ್ತೆರಡು ವರ್ಷ ಆ ಗೆರೆ ಎಳೆದಿದ್ದೇನೆ.

ಇಷ್ಟು ತಿಳಿದವಳು ಹೋದ ಚಳಿಗಾಲದಲ್ಲಿ ಮಾಡಿದ ಕೆಲಸವನ್ನು ಕೇಳಿ.

ದುರುಗಮ್ಮನನ್ನು ಕೊಟ್ಟದ್ದು ಕಾನಹೊಸಹಳ್ಳಿಯಿಂದ ಮೂರು ಮೈಲಿ ಒಳಗಿನ ಹಳ್ಳಿಗೆ. ಗಂಡ ತಿಪ್ಪೇಶಿ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವಳು ಮನೆಯ ಹಿಂದೆ ಒಂದು ಶೆಡ್ಡು ಹಾಕಿಕೊಂಡು ನಾಟಿ ಕೋಳಿಮರಿ ಸಾಕುತ್ತಾಳೆ. ತತ್ತಿಯೊಡೆದು ಒಂದೆರಡು ದಿನವಾದ ಮರಿಗಳನ್ನು ತಂದು, ರೆಕ್ಕೆಪುಕ್ಕ ಬರುವ ತನಕ ಜೋಪಾನ ಮಾಡಿ, ಸುತ್ತಲ ಹಳ್ಳಿಯ ಹೆಂಗಸರಿಗೆ ಕೊಡುತ್ತಾಳೆ. ಅವಳ ಕೈಯ ಮರಿ ಸಾಯುವುದಿಲ್ಲ ಎಂಬ ಹೆಸರು ಆ ಕಡೆ ಇದೆ. ಆ ಹೆಸರು ಗಳಿಸಲು ಅವಳಿಗೆ ಆರು ವರ್ಷ ಹಿಡಿದಿತ್ತು.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳ ಮನೆಗೆ ಹೋದೆ. ಶೆಡ್ಡಿನಲ್ಲಿ ತಗಡಿನ ಸುತ್ತು ಕಟ್ಟಿ, ನೆಲಕ್ಕೆ ಶೇಂಗಾ ಹೊಟ್ಟು ಹಾಸಿ, ಮುನ್ನೂರು ಮರಿಗಳನ್ನು ಬಿಟ್ಟಿದ್ದಳು. ಬಂದು ನಾಲ್ಕು ದಿನವಾಗಿತ್ತಷ್ಟೆ. ಅವುಗಳ ತಲೆಯ ಮೇಲೆ ಮಟಮಟ ಮಧ್ಯಾಹ್ನದಲ್ಲೂ ಹತ್ತು ಗಾಜಿನ ಬಲ್ಬು, ಅರವತ್ತು ವ್ಯಾಟಿನವು, ಹಳದಿಗೆ ಉರಿಯುತ್ತಿದ್ದವು. ನನ್ನೊಳಗಿನ ಟೀಚರಿಗೆ ತಡೆಯಲಾಗಲಿಲ್ಲ.

"ಇವನ್ನ ಯಾರ್ ಹಾಕ್ತಾರ ಈಗ? ಬರೀ ಕರೆಂಟ್ ತಿಂತಾವ" ಎಂದೆ.

"ಮೊದಲಿಂದ ಇವೇ ಅದಾವ ಅಕ್ಕಾ" ಎಂದಳು ದುರುಗಮ್ಮ.

"ಎಲ್‌ಇಡಿ ಹಾಕು. ಇದರ ಹತ್ತರಾಗ ಒಂದು ಪಾಲು ಕರೆಂಟ್ ಸಾಕು, ಬೆಳಕು ಇಷ್ಟೇ ಬರ್ತೈತಿ."

ಅವಳು ಒಂದು ಕ್ಷಣ ಬಲ್ಬುಗಳನ್ನು ನೋಡಿದಳು, ಮರಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದದ್ದು ನನಗೆ ಈಗ ನೆನಪಾಗುತ್ತದೆ. ಆಗ ನಾನು ತಿಪ್ಪೇಶಿಯನ್ನು ಕಾನಹೊಸಹಳ್ಳಿಗೆ ಅಟ್ಟುತ್ತಿದ್ದೆ. ಅವನು ತಂದ ಹತ್ತು ಎಲ್‌ಇಡಿ ಬಲ್ಬುಗಳನ್ನು ನಾನೇ ಸ್ಟೂಲು ಹತ್ತಿ ಹಾಕಿದೆ. ಶೆಡ್ಡು ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಕೈಯಿಂದ ಮುಟ್ಟಿ ತೋರಿಸಿದೆ. "ನೋಡು, ಬಿಸಿನೇ ಇಲ್ಲ!"

ಹೌದು, ಆ ಮಾತನ್ನು ನಾನೇ ಆಡಿದೆ. ಹೆಮ್ಮೆಯಿಂದ ಆಡಿದೆ.

ಹಳೆಯ ಬಲ್ಬು ಅಲ್ಲೇ ಬಿಟ್ಟರೆ ತಂಗಿ ಮತ್ತೆ ಹಾಕಿಯಾಳೆಂದು ಹತ್ತನ್ನೂ ಚೀಲಕ್ಕೆ ತುಂಬಿಕೊಂಡು ಸಂಜೆಯ ಬಸ್ಸಿಗೆ ಕೊಟ್ಟೂರಿಗೆ ಬಂದೆ. ಸೋಮವಾರದ ಪಾಠಕ್ಕೆ ಆದವು ಎಂಬ ಖುಷಿ ಬೇರೆ.

ಭಾನುವಾರ ಬೆಳಿಗ್ಗೆ ಎದ್ದರೆ ಆಕಾಶ ಮುಚ್ಚಿಕೊಂಡಿತ್ತು. ಸಮುದ್ರದಲ್ಲಿ ಎಲ್ಲೋ ಗಾಳಿ ಎದ್ದು ನಮ್ಮ ಕಡೆಗೆ ತುಂತುರು ಕಳಿಸಿತ್ತು. ಶಾಲು ಹೊದ್ದುಕೊಂಡು ಕೂತು, ಮಕ್ಕಳಿಗೆ ತಂತಿಯನ್ನು ಬಿಚ್ಚಿ ತೋರಿಸಬೇಕೆಂದು ಒಂದು ಬಲ್ಬನ್ನು ಟವೆಲಿನಲ್ಲಿ ಸುತ್ತಿ ಇಕ್ಕಳದಿಂದ ಒಡೆದೆ. ಗಾಜು ಆರಿಸುತ್ತಿರುವಾಗ ಫೋನು ಬಂತು.

"ಅಕ್ಕಾ, ಮರಿ ಒಂದರ ಮ್ಯಾಲೆ ಒಂದು ಬಿದ್ದು ಗುಂಪು ಕೂಡ್ಯಾವ. ಎಷ್ಟು ಬಿಡಿಸಿದ್ರೂ ಮತ್ತ ಕೂಡ್ತಾವ. ಅಡಿಯಾಗಿನವು ಉಸಿರು ಕಟ್ಟಿ ಸಾಯಾಕ ಹತ್ಯಾವ."

"ಯಾಕ?" ಎಂದೆ ನಾನು. ಯಾಕೆ ಎಂದು ಕೇಳಿದೆ, ನೋಡಿ.

"ಥಂಡಿ ಅಕ್ಕಾ. ಕಾವು ಇಲ್ಲ."

ನನ್ನ ಎಡಗೈಯಲ್ಲಿ ಒಡೆದ ಬಲ್ಬಿನ ಕುತ್ತಿಗೆ ಇತ್ತು. ಇಪ್ಪತ್ತೆರಡು ವರ್ಷ ವ್ಯರ್ಥ ಎಂದು ಬರೆದದ್ದೇನಿತ್ತೋ ಅದರಿಂದಲೇ ಆ ಮುನ್ನೂರು ಜೀವ ಬದುಕಿದ್ದವು ಎಂಬುದು ಆ ಕ್ಷಣ ನನ್ನ ತಲೆಗೆ ಹೊಳೆಯಿತು. "ರಾತ್ರೀನೇ ಯಾಕ ಫೋನ್ ಮಾಡ್ಲಿಲ್ಲ ದುರ್ಗೀ?" ಎಂದು ಕೇಳಿದೆ. ಅವಳು, "ಅವು ಹಳೇ ಬಲ್ಬು ಅದಾವೇನು?" ಎಂದಳು.

"ಅದಾವ. ತರ್ತೀನಿ. ಈಗ ಹೊಂಟೆ."

ಹೊರಡುವ ಮೊದಲು ಊರಿನ ಎರಡು ಎಲೆಕ್ಟ್ರಿಕ್ ಅಂಗಡಿಗೆ ಓಡಿದೆ. ಒಂದು ಮುಚ್ಚಿತ್ತು. ಇನ್ನೊಂದರವನು, "ಆ ಬಲ್ಬು ಈಗ ಯಾರ್ ಕೇಳ್ತಾರ್ರಿ ಟೀಚರ್? ನಾವು ಇಡಾದು ಬಿಟ್ಟು ಎಷ್ಟೋ ವರ್ಷ ಆತು" ಎಂದ. ಹಗರಿಬೊಮ್ಮನಹಳ್ಳಿಯಲ್ಲಿ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದರೆ, ಅವನು ನಕ್ಕು, "ನೀವ ಹೇಳಿದ್ರಲ್ಲ ಮೇಡಂ, ಅದು ಬರೀ ವ್ಯರ್ಥ ಅಂತ" ಎಂದ. ಪಾಠ ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡವನನ್ನು ಬೈಯುವುದು ಹೇಗೆ? ಉಳಿದಿದ್ದ ಒಂಬತ್ತೇ ಗತಿ. ಹತ್ತನೆಯದನ್ನು ನಾನು ಇಕ್ಕಳ ಹಾಕಿ ಒಡೆದಿದ್ದೆನಲ್ಲ.

ಒಂದೊಂದನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದೊಳಗಿಟ್ಟು ಕೂಡ್ಲಿಗಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ತಬ್ಬಿಕೊಂಡೆ. ಬಸ್ಸು ಊರು ದಾಟಿ ಮೊದಲ ಗುಂಡಿಗೆ ಇಳಿದಾಗ ನನ್ನ ಜೀವವೂ ಇಳಿಯಿತು. ವರ್ಷಗಟ್ಟಲೆ ಉರಿದ ತಂತಿ ಒಣ ಕಡ್ಡಿಯಷ್ಟು ಪೆಡಸಾಗಿರುತ್ತದೆ, ಒಂದು ಕುಲುಕಾಟ ಸಾಕು. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು. ಒಂದು ಬಲ್ಬನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತಂತಿ ಇತ್ತು. ಸುತ್ತಿ ಇಟ್ಟೆ. ಇನ್ನೊಂದು ತೆಗೆದೆ. ಅಷ್ಟರಲ್ಲಿ ಮತ್ತೊಂದು ಗುಂಡಿ. ಮೊದಲನೆಯದು ಈಗ ಏನಾಯಿತೋ ಎಂದು ಮತ್ತೆ ಅದನ್ನೇ ತೆಗೆದೆ.

ಬಾಳುವ ಮೊದಲ ಬಲ್ಬು ಮಾಡಿದವರು ಸುಟ್ಟ ದಾರವನ್ನು ಗಾಜು ಊದುವವನ ಮನೆಗೆ ಒಯ್ಯುವಷ್ಟರಲ್ಲೇ ಅದು ಮುರಿದುಹೋಗುತ್ತಿತ್ತಂತೆ. ಮತ್ತೆ ಹಿಂದಿರುಗಿ ಇನ್ನೊಂದು ಸುಡುವುದು, ಮತ್ತೆ ಒಯ್ಯುವುದು. ಇದನ್ನು ಎಲ್ಲೋ ಓದಿ, ಪ್ರಯತ್ನ ಬಿಡಬಾರದು ಎಂಬ ನೀತಿಪಾಠವಾಗಿ ಮಕ್ಕಳಿಗೆ ಹೇಳುತ್ತಿದ್ದೆ. ಆ ದಾರ ಹಿಡಿದು ನಡೆದವನ ಕೈ ಹೇಗೆ ನಡುಗಿರಬೇಕೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಪಕ್ಕದಲ್ಲಿ ಹೂ ಮಾರುವ ಒಬ್ಬ ಹೆಂಗಸು ಕೂತಿದ್ದಳು. ಬೆಳಗಿನ ವ್ಯಾಪಾರ ಮುಗಿಸಿ ಖಾಲಿ ಬುಟ್ಟಿ ಹಿಡಿದು ಮಗಳ ಮನೆಗೆ ಹೊರಟವಳು. ಬುಟ್ಟಿಯ ತಳದಲ್ಲಿ ಬಾಳೆಲೆ, ಒದ್ದೆ ಬಟ್ಟೆ, ಉದುರಿದ ನಾಲ್ಕು ಹಡಗಲಿ ಮಲ್ಲಿಗೆ. ನನ್ನ ಒದ್ದಾಟವನ್ನು ಬಹಳ ಹೊತ್ತು ನೋಡಿ, "ಏನ್ರಿ ಅದು, ತತ್ತಿನಾ?" ಎಂದಳು.

"ಅಲ್ಲಮ್ಮ, ಬಲ್ಬು."

"ಬಲ್ಬಿಗೆ ಇಷ್ಟು ಅಂಜಿಕೇನ್ರಿ?"

ಯಾರಿಗಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆಯುವಂತಿತ್ತು. ಎಲ್ಲ ಹೇಳಿದೆ. ನಾನು ಟೀಚರ್ ಎಂಬುದನ್ನು ಮಾತ್ರ ಹೇಳಲಿಲ್ಲ. ಅವಳು ಕೇಳಿ, ನಗಲೂ ಇಲ್ಲ, ಅಯ್ಯೋ ಎನ್ನಲೂ ಇಲ್ಲ. "ತೊಡಿ ಮ್ಯಾಲೆ ಇಟ್ರ ಬಸ್ಸಿನ ಕುಲುಕೆಲ್ಲ ಅದಕ್ಕ ಹೊಡಿತೈತಿ. ಹೂವಿನ ಬುಟ್ಟಿ ನಾವು ನೆಲಕ್ಕೂ ಇಡಂಗಿಲ್ಲ, ತೊಡಿ ಮ್ಯಾಲೂ ಇಡಂಗಿಲ್ಲ. ಕೈಯಾಗ ತೂಗ ಹಿಡಿಬೇಕು. ತರ್ರಿ ಇಲ್ಲೆ" ಎಂದು ನನ್ನ ಚೀಲ ಎಳೆದುಕೊಂಡಳು. ಒಂಬತ್ತು ಗಂಟುಗಳನ್ನೂ ಬಾಳೆಲೆಯ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸಿ, ಬುಟ್ಟಿಗೆ ಕಟ್ಟಿದ್ದ ಹಗ್ಗದ ಹಿಡಿಕೆಯನ್ನು ಮೊಣಕೈಗೆ ಹಾಕಿ ಗಾಳಿಯಲ್ಲಿ ತೂಗಿಬಿಟ್ಟಳು. ಬಸ್ಸು ಹಾರಿತು. ನಾವಿಬ್ಬರೂ ಹಾರಿದೆವು. ಬುಟ್ಟಿ ಮೆಲ್ಲಗೆ ಅತ್ತ ಹೋಗಿ ಇತ್ತ ಬಂತು, ತೊಟ್ಟಿಲಿನ ಹಾಗೆ.

ಅವಳ ಕೈ ಸೋತಾಗ ನಾನು ಹಿಡಿದೆ, ನನ್ನದು ಸೋತಾಗ ಅವಳು. ನಡುವೆ ತಂಗಿಗೆ ಫೋನು ಮಾಡಿದೆ. "ಎಷ್ಟು ಹೋದವು?" ಎಂದೆ. "ಹನ್ನೊಂದು" ಎಂದಳು. ಕೂಡ್ಲಿಗಿ ಹತ್ತಿರ ಬಂದಾಗ ಮತ್ತೆ ಮಾಡಿದೆ. "ಎಣಿಸಾಕ ಹೋಗಿಲ್ಲ" ಎಂದಷ್ಟೇ ಹೇಳಿ ಇಟ್ಟಳು. ಆ ಮಾತು ಹನ್ನೊಂದಕ್ಕಿಂತ ಭಾರವಾಗಿತ್ತು.

ಕೂಡ್ಲಿಗಿಯಲ್ಲಿ ಇಳಿದಾಗ ಆ ಹೆಂಗಸು ಬುಟ್ಟಿಯನ್ನು ನನ್ನ ಮೊಣಕೈಗೇ ಹಾಕಿದಳು. "ಬುಟ್ಟಿ ನಿಮ್ಮ ಕಡೆ ಇರ್ಲಿ. ನಾನು ದಿನಾ ಕೊಟ್ಟೂರಾಗ ಗುಡಿ ಮುಂದ ಕುಂದ್ರತೀನಿ, ಆವಾಗ ಕೊಡ್ರಿ. ಮೊದಲು ಮರಿ ನೋಡ್ರಿ" ಎಂದು ಸೆರಗು ತಲೆಗೆ ಹಾಕಿಕೊಂಡು ತುಂತುರಿನಲ್ಲಿ ನಡೆದುಬಿಟ್ಟಳು. ಹೆಸರು ಕೇಳುವ ಬುದ್ಧಿಯೂ ನನಗೆ ಬರಲಿಲ್ಲ.

ಇನ್ನೊಂದು ಬಸ್ಸು ಹಿಡಿದು ಕಾನಹೊಸಹಳ್ಳಿಯಲ್ಲಿ ಇಳಿದರೆ, ಹೆದ್ದಾರಿಯ ಪಕ್ಕ ತಿಪ್ಪೇಶಿ ಬೈಕು ಹಿಡಿದು ನಿಂತಿದ್ದ. "ಮೆಲ್ಲಕ ಹೋಗಪ್ಪ" ಎಂದೆ. ಸ್ವಲ್ಪ ದೂರ ಹೋದ ಮೇಲೆ, "ಬೇಗ ಹೋಗಪ್ಪ" ಎಂದೆ. "ಎರಡರಾಗ ಒಂದು ಹೇಳ್ರಿ ಅಕ್ಕ" ಎಂದ ಅವನು, ಹಿಂದಿರುಗಿ ನೋಡದೆ.

ಶೆಡ್ಡಿನ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟಿದ್ದರು. ಒಳಗೆ ಹೋದಾಗ ಮೊದಲು ಕಿವಿಗೆ ಬಿದ್ದದ್ದು ಸದ್ದು. ಹಿಂದಿನ ದಿನ ಅಲ್ಲಿ ಚಿಲಿಪಿಲಿ ಇತ್ತು, ಅಂದು ಒಂದೇ ಸಮನೆ ಎಳೆಯುವ ಕೀಚಲು ದನಿ. ತಗಡಿನ ಒಂದು ಬದಿಗೆ ಮರಿಗಳ ಗುಡ್ಡೆಯೊಂದು ಮಿಸುಕಾಡುತ್ತಿತ್ತು. ದುರುಗಮ್ಮ ಮೊಣಕಾಲೂರಿ ಕೂತು ಎರಡೂ ಕೈಯಿಂದ ಆ ಗುಡ್ಡೆಯನ್ನು ಬಿಡಿಸುತ್ತಿದ್ದಳು. ಬಿಡಿಸಿದ್ದು ಮತ್ತೆ ಕೂಡುತ್ತಿತ್ತು. ಅವಳ ಕಣ್ಣು ಕೆಂಪಗಿದ್ದವು. ಪಕ್ಕದ ಮೊರದಲ್ಲಿ ಸತ್ತವು ಸಾಲಾಗಿ ಇದ್ದವು. ನಾನು ಆ ಕಡೆ ನೋಡಲಿಲ್ಲ, ಅಂದರೆ ಒಮ್ಮೆ ನೋಡಿ ಮತ್ತೆ ನೋಡಲಿಲ್ಲ.

"ದುರ್ಗೀ, ನಂದ ತಪ್ಪು..." ಎಂದು ಶುರು ಮಾಡಿದೆ.

"ಆಮ್ಯಾಲೆ ಅಕ್ಕಾ. ಮೊದಲು ಬಲ್ಬು" ಎಂದಳು.

ತಿಪ್ಪೇಶಿ ಸ್ವಿಚ್ಚು ಆರಿಸಿ ಬಿಳಿ ಬಲ್ಬು ಬಿಚ್ಚಿದ ಹಾಗೆ ನಾನು ಗಾಜಿನವನ್ನು ಒಂದೊಂದಾಗಿ ಅವನ ಕೈಗೆ ಕೊಟ್ಟೆ. ಒಂಬತ್ತೂ ಹಾಕಿಯಾಯಿತು. ಸ್ವಿಚ್ಚು ಒತ್ತಿದ.

ಒಂದೂ ಹತ್ತಲಿಲ್ಲ.

ಮತ್ತೆ ಒತ್ತಿದ. ಇಲ್ಲ. ಒಂಬತ್ತರ ತಂತಿಯೂ ಬಸ್ಸಿನಲ್ಲೇ ಹೋಗಿದೆ, ಆ ಹೆಂಗಸು ಅಷ್ಟು ತೂಗಿ ಹಿಡಿದದ್ದೂ ದಂಡ, ಇನ್ನು ಈ ಸುತ್ತಲ ಐದು ಊರು ಹುಡುಕಿದರೂ ಒಂದು ಬಲ್ಬು ಸಿಗುವುದಿಲ್ಲ ಎನಿಸಿತು. ಹೊಟ್ಟಿನ ಮೇಲೆ ಕುಸಿದು ಕೂತು ಅಳಲು ಶುರು ಮಾಡಿದೆ. "ನಾನೇ ಒಯ್ದೆ, ನಾನೇ ಕೆಡಿಸಿದೆ, ನನಗ ಓದಿಸಿದ್ದೇ ತಪ್ಪು" ಎಂದು ಏನೇನೋ ಅಂದೆನಂತೆ.

ತಿಪ್ಪೇಶಿ ಸ್ಟೂಲಿನಿಂದ ಇಳಿದು ಮನೆಯೊಳಗೆ ಹೋಗಿ ಬಂದ. "ಅಕ್ಕ, ಕರೆಂಟ್ ಹೋಗೈತ್ರಿ" ಎಂದ.

ವಿದ್ಯುತ್ ಹರಿಯದೆ ಬಲ್ಬು ಹತ್ತುವುದಿಲ್ಲ ಎಂಬ ಪಾಠವನ್ನೂ ನಾನೇ ಮಾಡುತ್ತೇನೆ. ಆದರೆ ಆ ಹೊತ್ತಿನಲ್ಲಿ ನಗುವ ಶಕ್ತಿ ಯಾರಿಗೂ ಇರಲಿಲ್ಲ. ಹನಿ ಬಿದ್ದರೆ ನಮ್ಮ ಕಡೆ ಕರೆಂಟ್ ಹೋಗುವುದು ಹೊಸದೇನಲ್ಲ. ಯಾವಾಗ ಬರುತ್ತದೆಂದು ಹೇಳುವವರು ಮಾತ್ರ ಯಾರೂ ಇಲ್ಲ.

ನಾನು ಎದ್ದು, ಕೆಂಡ ತರೋಣವೇ, ಬಿಸಿನೀರಿನ ಕೊಡ ಇಡೋಣವೇ, ತಗಡಿಗೆ ರಟ್ಟು ಸುತ್ತೋಣವೇ ಎಂದು ಒಂದೇ ಉಸಿರಿಗೆ ಕೇಳತೊಡಗಿದೆ. ಕೆಂಡ ತಂದರೆ ಹೊಗೆಯ ಚಿಂತೆ, ನೀರು ಚೆಲ್ಲಿದರೆ ಹೊಟ್ಟು ಒದ್ದೆಯಾಗುವ ಚಿಂತೆ, ಅವನ್ನೂ ನಾನೇ ಹೇಳಿದೆ. ದುರುಗಮ್ಮ ತಲೆ ಎತ್ತಿದಳು.

"ಅಕ್ಕಾ, ನೀ ಸುಮ್ನ ಕುಂದ್ರು. ಕಾಲು ಚಾಚು. ಸೆರಗು ಹಾಸು."

ಕೂತೆ. ಕಾಲು ಚಾಚಿದೆ. ಸೆರಗು ಹಾಸಿದೆ. ಅವಳು ಗುಡ್ಡೆಯ ಅಡಿಯಲ್ಲಿದ್ದ ಸೋತ ಮರಿಗಳನ್ನು ಆರಿಸಿ ಆರಿಸಿ ನನ್ನ ಮಡಿಲಿಗೆ ಹಾಕಿದಳು, ಇಪ್ಪತ್ತು, ಮೂವತ್ತು. ಮೇಲೆ ನನ್ನ ಶಾಲು ಮುಚ್ಚಿದಳು. ತಿಪ್ಪೇಶಿಯ ಅಂಗಿಯೊಳಗೂ ಒಂದಿಷ್ಟು ತುಂಬಿದಳು. ಉಳಿದವಕ್ಕೆ ಮುಚ್ಚಳ ಬಿಗಿದ ಬಿಸಿನೀರಿನ ಡಬ್ಬಿಗಳನ್ನು ಗೋಣಿಯಲ್ಲಿ ಸುತ್ತಿ ಅಲ್ಲಲ್ಲಿ ಇಟ್ಟಳು. ಎಲ್ಲೂ ಓಡಾಡಲಿಲ್ಲ, ಒಂದು ಮಾತು ಹೆಚ್ಚು ಆಡಲಿಲ್ಲ. ನನ್ನ ತೊಡೆಯ ಮೇಲೆ ಅಷ್ಟೊಂದು ಸಣ್ಣ ಎದೆಬಡಿತ ಒಟ್ಟಿಗೆ ನಡುಗುತ್ತಿದ್ದಂತಿತ್ತು. ಯಾವುದು ಅವುಗಳದು, ಯಾವುದು ನನ್ನದು ಎಂದು ತಿಳಿಯುತ್ತಿರಲಿಲ್ಲ. ಅಲುಗಾಡಿದರೆ ಒಂದು ಸತ್ತೀತೆಂದು ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ.

ಹೀಗೆ ಎಷ್ಟು ಹೊತ್ತು ಕೂತೆವೋ, ಗಡಿಯಾರ ನೋಡುವ ಧೈರ್ಯ ಬರಲಿಲ್ಲ. ಮೊದಲು ತಲೆಯ ಮೇಲೆ ಒಂದು ಬಲ್ಬಿನ ತಂತಿ ಕೆಂಪಗೆ ಗೀರಿದಂತಾಗಿ ಆರಿತು. ಮತ್ತೆ ಬಂತು. ಒಂದು, ಮೂರು, ಐದು ಎಂದು ತಿಪ್ಪೇಶಿ ಬೆರಳು ತೋರಿಸಿ ಎಣಿಸಿದ. ಏಳು ಹತ್ತಿದ್ದವು. ಎರಡು ಸತ್ತಿದ್ದವು. ಒಂದನ್ನು ನಾನು ಕೂತಲ್ಲಿಂದಲೇ ಬಿಚ್ಚಿಸಿ, ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಓರೆ ಮಾಡಿದೆ. ಕೈ ನಡುಗುತ್ತಿದ್ದದ್ದೇ ಒಳ್ಳೆಯದಾಯಿತೋ ಏನೋ, ತಂತಿ ಕೊಕ್ಕೆ ಹಾಕಿಕೊಂಡಿತು. ಎಂಟಾಯಿತು. ಇನ್ನೊಂದು ಏನು ಮಾಡಿದರೂ ಕೂಡಲಿಲ್ಲ.

ದುರುಗಮ್ಮ ಬಲ್ಬಿನ ವೈರುಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಪ್ರತಿಯೊಂದರ ಕೆಳಗೂ, ಮರಿಯ ಬೆನ್ನಿನ ಎತ್ತರಕ್ಕೆ, ತನ್ನ ಅಂಗೈಯ ಹಿಂಬದಿ ಹಿಡಿದು ನೋಡಿದಳು. ಕೊನೆಯದಕ್ಕೆ ಬಂದಾಗ ನನ್ನ ಕೈ ಹಿಡಿದೆಳೆದು ಅಲ್ಲಿಟ್ಟಳು.

"ಇಷ್ಟು ಇರ್ಬೇಕು. ಹೆಚ್ಚಾದ್ರ ದೂರ ಓಡ್ತಾವ, ಕಡಿಮ್ಯಾದ್ರ ಗುಂಪು ಕೂಡ್ತಾವ. ಸರಿ ಇದ್ರ ಹರವಿಕ್ಯಂಡು ಮಲಗ್ತಾವ. ಅವ ಹೇಳ್ತಾವ ಅಕ್ಕಾ, ನಾವು ನೋಡ್ಬೇಕಷ್ಟ."

ಆ ಶಾಖ ನನ್ನ ಕೈಬೆನ್ನಿನ ಮೇಲೆ ಈಗಲೂ ಇದೆ. ಸಂಜೆಯ ಹೊತ್ತಿಗೆ ಆ ಗುಡ್ಡೆ ಕರಗಿತು. ಒಂದೊಂದು ಬಲ್ಬಿನ ಕೆಳಗೂ ಮರಿಗಳು ಹರಡಿಕೊಂಡವು. ಕೀಚಲು ದನಿ ನಿಂತು ಚಿಲಿಪಿಲಿ ಬಂತು. ನನ್ನ ಮಡಿಲಿನವನ್ನೂ ಒಂದೊಂದಾಗಿ ಬಿಟ್ಟೆವು. ಕೊನೆಯದೊಂದು ಮರಿ ಮಾತ್ರ ಕಣ್ಣು ಮುಚ್ಚಿ ಕತ್ತು ಜೋಲಿಸಿತ್ತು. ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಕೂತೆ.

"ಕೆಳಗ ಬಿಡು" ಎಂದಳು ತಂಗಿ.

"ಇನ್ನೊಂಚೂರು."

"ಕೈಯಾಗ ಇಟ್ಕಂಡು ಕುಂತ್ರ ಗೊತ್ತಾಗಂಗಿಲ್ಲ ಅಕ್ಕಾ. ಬಿಡು."

ಬಿಟ್ಟೆ. ಅದು ಮಗ್ಗುಲಿಗೆ ಬಿತ್ತು. ಕಾಲು ಒದೆಯಿತು. ನಾನು ಎತ್ತಲು ಹೋದೆ, ಅವಳು ನನ್ನ ಮಣಿಕಟ್ಟು ಹಿಡಿದಳು. ಮರಿ ಎದ್ದಿತು, ಕೂತಿತು, ಮತ್ತೆ ಎದ್ದು ಎರಡು ಹೆಜ್ಜೆ ಇಟ್ಟು ಬೆಳಕಿನ ಕೆಳಗೆ ಹೋಗಿ ಉಳಿದವುಗಳ ನಡುವೆ ಸೇರಿಕೊಂಡಿತು. ಯಾವುದು ಅದು ಎಂದು ಮತ್ತೆ ಗುರುತು ಹಿಡಿಯಲಾಗಲಿಲ್ಲ.

ಸತ್ತವು ಮೂವತ್ತೊಂದು. ತಿಪ್ಪೇಶಿ ಹೊಲದ ಬದುವಿನಲ್ಲಿ ಗುಂಡಿ ತೋಡಿದ. ಅವಳ ಕೈಯ ಮರಿ ಸಾಯುವುದಿಲ್ಲ ಎಂದು ಹೇಳುತ್ತಿದ್ದ ಊರಿನಲ್ಲಿ ಆ ಮೊರವನ್ನು ಸೆರಗಿನಿಂದ ಮುಚ್ಚಿಕೊಂಡು ಹೋದವಳು ನನ್ನ ತಂಗಿ.

ಅಂದು ಅಲ್ಲೇ ಉಳಿದೆ. ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಶನಿವಾರನ ನಿನಗ ಗೊತ್ತಿತ್ತಲ್ಲ ದುರ್ಗೀ, ಕಾವು ಸಾಲಂಗಿಲ್ಲ ಅಂತ. ಬಾಯಿ ಬಿಟ್ಟು ಯಾಕ ಹೇಳ್ಲಿಲ್ಲ?"

ಅವಳು ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ, "ನೀ ಹೇಳಿದ್ಯಲ್ಲ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದರಲ್ಲಿ ಬೈಗುಳವೇ ಇರಲಿಲ್ಲ. ಚಿಕ್ಕಂದಿನಿಂದ ನಾನು ಹೇಳಿದ್ದಕ್ಕೆಲ್ಲ ಹೂಂ ಎಂದವಳು. ಎದುರಿಗೆ ಮರಿಗಳು ನಡುಗುತ್ತಿದ್ದರೂ, ತನ್ನ ಕೈ ಥಂಡಿ ಎನ್ನುತ್ತಿದ್ದರೂ, ಅಕ್ಕನ ಮಾತು ಸುಳ್ಳಾಗಲಾರದೆಂದು ಬೆಳಗಿನ ತನಕ ಕಾದಿದ್ದಳು. ಆ ನಂಬಿಕೆ ಹೋಯಿತೋ ಉಳಿಯಿತೋ ಎಂದು ನಾನು ಮಲಗಿದಲ್ಲೇ ಹೊರಳಾಡಿದೆ. ಹೋದರೆ ಗತಿಯೇನು ಎಂದೂ ಅನಿಸಿತು, ಉಳಿದರೆ ಗತಿಯೇನು ಎಂದೂ ಅನಿಸಿತು.

ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಶೆಡ್ಡಿಗೆ ಹೋದೆ. ತುಂತುರು ನಿಂತಿತ್ತು, ಗಾಳಿ ಮಾತ್ರ ಇತ್ತು. ಕಿಟಕಿಯ ಜಾಲರಿಯಿಂದ ಅದು ಒಳಗೆ ನುಗ್ಗುತ್ತಿತ್ತು. ಮರಿಗಳಿಗೆ ಮತ್ತೆ ಥಂಡಿಯಾದರೆ ಎನಿಸಿತು. ಮೂಲೆಯಲ್ಲಿ ಮಡಚಿಟ್ಟಿದ್ದ ದೊಡ್ಡ ಪ್ಲಾಸ್ಟಿಕ್ ಹಾಳೆಯೊಂದು ಕಂಡಿತು. ಅದನ್ನು ಬಿಡಿಸಿ, ಕಿಟಕಿಗೆ ಪೂರ್ತಿ ಕಟ್ಟಿಬಿಡೋಣವೆಂದು ಸ್ಟೂಲಿನ ಮೇಲೆ ಒಂದು ಕಾಲಿಟ್ಟೆ.

ಮರಿಗಳಿಗೆ ನುಚ್ಚು ಹಾಕುತ್ತಿದ್ದ ದುರುಗಮ್ಮ ತಿರುಗಿ ನೋಡಿದಳು.

"ಬ್ಯಾಡ ಅಕ್ಕಾ" ಎಂದಳು. "ಗಾಳಿ ಆಡ್ಬೇಕು. ಇಲ್ಲಾಂದ್ರ ಉಸಿರು ಕಟ್ತಾವ."

ನಾನು ಸ್ಟೂಲಿನಿಂದ ಕಾಲು ತೆಗೆದು, ಹಾಳೆಯನ್ನು ಇದ್ದ ಹಾಗೆ ಮಡಚಿ ಇಟ್ಟೆ.